ಮುಪ್ಪಿಗೆಂದು ಇಟ್ಟದ್ದು

ನನ್ನ ಗಂಡನ ಮೊಬೈಲು ಈಗ ನನ್ನ ಹತ್ತಿರ ಇದೆ. ನಂಬರು ಕಟ್ಟಾಗದ ಹಾಗೆ ನಾನೇ ರೀಚಾರ್ಜ್ ಮಾಡಿಸುತ್ತೇನೆ. ಆಗಾಗ ಅದು ಟಿಣ್ ಅನ್ನುತ್ತದೆ. ತೆಗೆದು ನೋಡಿದರೆ 'ಅಭಿನಂದನೆಗಳು, ನಿಮ್ಮ ನಿವೃತ್ತಿಯ ಗುರಿಗೆ ನೀವು ಇನ್ನಷ್ಟು ಹತ್ತಿರವಾಗಿದ್ದೀರಿ' ಎಂದು ಇರುತ್ತದೆ. ಮೊನ್ನೆ ಹುಟ್ಟುಹಬ್ಬದ ಶುಭಾಶಯವೂ ಬಂತು, ಬಣ್ಣದ ಬಲೂನುಗಳ ಸಮೇತ. ಅವರು ತೀರಿಕೊಂಡು ವರ್ಷದ ತಿಥಿಯೂ ಆಗಿಹೋಗಿದೆ. ಅದನ್ನು ಅವರು ದುಡ್ಡು ಇಟ್ಟಿದ್ದ ಆ್ಯಪಿನವರಿಗೆ ನಾನು ಬಾಯಿಬಿಟ್ಟು ಹೇಳಿದ್ದೇನೆ, ಡೆತ್ ಸರ್ಟಿಫಿಕೇಟಿನ ಕಾಗದವನ್ನೂ ಕಳಿಸಿದ್ದೇನೆ. ಕಾಗದ ನೋಡುವವರೇ ಬೇರೆ, ಬಲೂನು ಕಳಿಸುವವರೇ ಬೇರೆ ಇರಬೇಕು.

ನಾನು ನರ್ಸು. ಮದುವೆಯಾದ ಹೊಸತರಲ್ಲಿ ಲಕ್ಷ್ಮೀಪುರಂನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿದವಳು ಇವತ್ತಿಗೂ ಅಲ್ಲೇ ಇದ್ದೇನೆ. ಅಲ್ಲಿ ಪಿಂಚಣಿ ಗಿಂಚಣಿ ಏನೂ ಇಲ್ಲ. ದೀಪಾವಳಿಗೆ ಒಂದು ಸೀರೆ, ಒಂದು ಡಬ್ಬ ಸ್ವೀಟು ಕೊಡುತ್ತಾರೆ, ಅಷ್ಟೆ. ನನ್ನ ಗಂಡ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಕೆಲಸದಲ್ಲಿದ್ದರು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಇದು ಪಾಸು, ಇದು ಫೇಲು ಎಂದು ಬೇರೆ ಬೇರೆ ಟ್ರೇಗೆ ಹಾಕುವುದು. ಮನೆಯೂ ಹೂಟಗಳ್ಳಿಯಲ್ಲೇ. ಒಬ್ಬಳೇ ಮಗಳು, ಮದುವೆಯಾಗಿ ನಂಜನಗೂಡಿನಲ್ಲಿದ್ದಾಳೆ. ದಿನವಿಡೀ ವಾರ್ಡಿನಲ್ಲಿ ನಿಂತು ನಿಂತು ನನ್ನ ಕಾಲಿನ ನರಗಳು ಬಳ್ಳಿ ಹಬ್ಬಿದ ಹಾಗೆ ಎದ್ದಿವೆ. ಸಂಜೆ ನಾನು ಕಾಲು ಚಾಚಿ ಕೂತರೆ ಅವರು ನೋಡಿಯೂ ನೋಡದ ಹಾಗೆ ಹೇಳುತ್ತಿದ್ದರು: "ನಾನು ರಿಟೈರಾದಾಗ ಬರೋ ದುಡ್ಡು ನಮ್ಮಿಬ್ರ ಮುಪ್ಪಿಗೆ ಕಣೇ. ಅದ್ರಿಂದ ತಿಂಗ್ಳು ತಿಂಗ್ಳು ಬರೋಕೆ ಶುರುವಾಗ್ಲಿ, ನೀನು ಡ್ಯೂಟಿ ಬುಟ್ಬುಡು." ಆ ಮಾತನ್ನು ನಾನು ಎಷ್ಟು ನಂಬಿದ್ದೆನೆಂದರೆ, ಡ್ಯೂಟಿಯ ಬಿಳಿ ಶೂ ಕಿತ್ತುಬಂದಾಗ ಹೊಸದು ಕೊಳ್ಳಲಿಲ್ಲ. ಇನ್ನೇನು ಬಿಡುವ ಕೆಲಸ, ಯಾಕೆ ದಂಡ ಎಂದು ಹಳೆಯದಕ್ಕೇ ಹೊಲಿಗೆ ಹಾಕಿಸಿಕೊಂಡೆ.

ನನ್ನ ಗಂಡನ ಬಗ್ಗೆ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರ ಎದುರು ಸಾವಿನ ಮಾತು ಆಡುವ ಹಾಗಿರಲಿಲ್ಲ. ಎಲ್ಲರ ಮನೆಯಲ್ಲೂ ಅಷ್ಟಿಷ್ಟು ಇರುತ್ತದೆ, ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು, ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ಆದರೆ ಅವರದು ಅತಿ. ಮಾತಿನ ಭರದಲ್ಲಿ ನನ್ನ ಬಾಯಿಂದ ಅಂಥದ್ದೇನಾದರೂ ಬಂದರೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ, "ಬುಡ್ತು ಅನ್ನು" ಅನ್ನುತ್ತಿದ್ದರು. ನಾನು ಬಿಡ್ತು ಅನ್ನುವವರೆಗೆ ಮುಂದಿನ ತುತ್ತು ಬಾಯಿಗೆ ಇಡುತ್ತಿರಲಿಲ್ಲ. ಆಡಿದವರೇ ಬಿಡ್ತು ಅಂದರೆ ಆ ಮಾತು ತಗಲುವುದಿಲ್ಲ ಎಂಬ ನಂಬಿಕೆ. ನಾನಾದರೋ ವಾರ್ಡಿನಲ್ಲಿ ದಿನಾ ಸಾವು ನೋಡುವವಳು. "ನಾನು ಬುಡ್ತು ಅಂತ ಹೇಳ್ಕೊಂಡು ಕೂತ್ರೆ ಡ್ಯೂಟಿ ಮಾಡೋದ್ಯಾವಾಗ್ರೀ?" ಎಂದು ರೇಗಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಇದು ಅವರಿಗೆ ಬಂದದ್ದು ಅವರ ತಾಯಿಯಿಂದ. ನನ್ನ ಅತ್ತೆ ಇಲವಾಲದಲ್ಲಿ ಕಿರಿಯ ಮಗನ ಜೊತೆ ಇದ್ದಾರೆ, ಜಮೀನು ನೋಡಿಕೊಳ್ಳುವುದು ಆ ಮೈದುನನೇ. ಅತ್ತೆಗೆ ಮೊದಲು ಹುಟ್ಟಿದ ಎರಡು ಗಂಡುಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯವರು ನನ್ನ ಗಂಡ. ಹುಟ್ಟಿದ ಕೂಡಲೇ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ, ನೆರೆಮನೆಯಾಕೆಯಿಂದ ಎತ್ತಿಸಿ, ಅವಳಿಂದ ಒಂದು ಮೊರ ತೌಡಿಗೆ ಕೊಂಡುಕೊಂಡು ಮನೆಗೆ ತಂದರಂತೆ. ಯಾರಿಗೂ ಬೇಡದ ಮಗು ಎಂದು ಸಾವು ಮೋಸಹೋಗಲಿ ಎಂದು. ಮೂಗನ್ನೂ ಚುಚ್ಚಿಸಿದರು. ಕಡೆಯವರೆಗೂ ಅವರ ಬಲಮೂಗಿನ ಮೇಲೆ ಎಳ್ಳು ಕಾಳಿನಷ್ಟು ಗುರುತಿತ್ತು. ಆ ಮಗನ ಹತ್ತಿರ ಯಾರೂ ಕೆಟ್ಟ ಮಾತು ಆಡದ ಹಾಗೆ ಅತ್ತೆ ಕಾವಲು ಕೂತೇ ಬೆಳೆಸಿದರು. ಹಾಗೆ ಬೆಳೆದವರನ್ನು ನಾನು ಮದುವೆಯಾದೆ.

ರಿಟೈರಾದ ಮೇಲೆ ಬಂದ ಹಣವನ್ನು ಎಲ್ಲಿಡುವುದು ಎಂಬುದೇ ಮನೆಯ ದೊಡ್ಡ ಕೆಲಸವಾಯಿತು. ನಾನು ಪೋಸ್ಟಾಫೀಸು ಅಂದೆ. ಇಬ್ಬರ ಹೆಸರಲ್ಲಿ ಇಡೋಣ, ಬಡ್ಡಿ ಬರಲಿ, ತಲೆನೋವಿಲ್ಲ ಎಂದೆ. ಒಪ್ಪಿಕೊಂಡು, ಪಂಚಾಂಗ ನೋಡಿ, ಒಂದು ಶುಕ್ರವಾರ ರಾಹುಕಾಲ ಕಳೆದ ಮೇಲೆ ಹೊರಟರು. ನಾನೂ ಜೊತೆಗಿದ್ದೆ. ಕೌಂಟರಿನಲ್ಲಿದ್ದಾತ ಫಾರಂ ತಿರುಗಿಸಿ ನೋಡಿ, ಹಿಂದೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, "ನಾಮಿನಿ ಬರ್ದಿಲ್ವಲ್ರೀ. ನೀವು ಹೋದ್ಮೇಲೆ ದುಡ್ಡು ಯಾರ್ಗೆ ಕೊಡ್ಬೇಕು?" ಅಂದ. ಆತ ದಿನಕ್ಕೆ ಹತ್ತಾರು ಸಲ ಕೇಳುವ ಪ್ರಶ್ನೆ ಅದು, ಅವನಿಗೆ ಅದರಲ್ಲಿ ಏನೂ ಇರಲಿಲ್ಲ. ನನ್ನ ಗಂಡನ ಮುಖ ನೋಡಿದೆ. ಬಣ್ಣ ಇಳಿದಿತ್ತು. ಫಾರಂ ಮೆಲ್ಲಗೆ ವಾಪಸು ತೆಗೆದುಕೊಂಡು, "ಜೆರಾಕ್ಸ್ ಮರ್ತ್ಬುಟ್ಟೆ, ಬತ್ತೀನಿ" ಎಂದು ಹೊರಗೆ ಬಂದರು. ಜೆರಾಕ್ಸ್ ಅವರ ಅಂಗಿಯ ಜೇಬಿನಲ್ಲೇ ಮಡಿಚಿ ಇತ್ತು. ಸ್ಕೂಟರು ತೆಗೆಯುವಾಗ ನನಗೆ ಅದು ಕಾಣುತ್ತಿತ್ತು, ಹಿಂದೆ ಹತ್ತಿ ಕೂತೆ.

ಆಮೇಲೆ ಆ್ಯಪುಗಳ ಪರೀಕ್ಷೆ ಶುರುವಾಯಿತು. ಕಾರ್ಖಾನೆಯ ಹಳೆಯ ಜೊತೆಗಾರರೆಲ್ಲ ಒಂದೊಂದು ಹೆಸರು ಹೇಳಿದ್ದರು. ಊಟದ ಮೇಜಿನ ಮೇಲೆ ಮೊಬೈಲು ಇಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದನ್ನೇ ಹಾಕಿಕೊಳ್ಳುವುದು, ನೋಡುವುದು, ತೆಗೆಯುವುದು. ಯಾವುದು ಎಷ್ಟು ಚಾರ್ಜು ಹಿಡಿಯುತ್ತದೆ, ಬೇಕೆಂದಾಗ ಹಣ ವಾಪಸು ಬರಲು ಎಷ್ಟು ದಿನ, ತಿಂಗಳು ತಿಂಗಳು ಇಷ್ಟು ಎಂದು ಬ್ಯಾಂಕಿಗೆ ಹಾಕುವ ವ್ಯವಸ್ಥೆ ಇದೆಯೋ ಇಲ್ಲವೋ, ಎಲ್ಲ ನೋಡಿದರು. ಹೆಲ್ಪ್‌ಲೈನಿಗೆ ಸರಿಯಾಗಿ ಊಟದ ಹೊತ್ತಿನಲ್ಲಿ ಫೋನು ಮಾಡುತ್ತಿದ್ದರು. ಊಟದ ಹೊತ್ತಿನಲ್ಲೂ ಎತ್ತುವವರು ಯೋಗ್ಯರು ಎಂಬುದು ಅವರ ಲೆಕ್ಕ. ಎತ್ತಿದವರಿಗೆಲ್ಲ ಒಂದೇ ಪ್ರಶ್ನೆ: "ಒಂದ್ವೇಳೆ ನಿಮ್ ಕಂಪ್ನಿನೇ ಮುಚ್ಚೋದ್ರೆ ನಮ್ ದುಡ್ಡು ಎಲ್ಲಿರ್ತದೆ?" ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತ ನನಗೆ ನಗು ತಡೆಯುತ್ತಿರಲಿಲ್ಲ. ಕಂಪನಿ ಸಾಯುವುದರ ಬಗ್ಗೆ ಬಾಯಿತುಂಬ ಕೇಳುವವರು, ತಮ್ಮ ಮಾತು ಬಂದರೆ ಜೆರಾಕ್ಸ್ ಮರೆಯುತ್ತಾರೆ.

ಕೊನೆಗೆ ಒಂದು ಆ್ಯಪು ಪಾಸಾಯಿತು. ಅದರ ಹೆಲ್ಪ್‌ಲೈನಿನಲ್ಲಿ ಒಬ್ಬ ಹುಡುಗಿ ಕನ್ನಡದಲ್ಲಿ ಮಾತಾಡಿದ್ದಳು. ಕಂಪನಿ ಮುಚ್ಚಿದರೂ ಹಣ ಫಂಡಿನಲ್ಲಿ ನಿಮ್ಮ ಹೆಸರಲ್ಲೇ ಇರುತ್ತದೆ, ನಾವು ಬರೀ ಬಾಗಿಲು ಸಾರ್ ಎಂದು ಬಿಡಿಸಿ ಹೇಳಿದ್ದಳು. "ಮೊದ್ಲು ನಮ್ ಭಾಷೆ ಬರ್ಬೇಕು ಕಣೇ, ಮಿಕ್ಕಿದ್ದೆಲ್ಲ ಆಮೇಲೆ" ಎಂದು ಖುಷಿಯಾಗಿ ಹೇಳಿದರು. ನಾನೂ ಅದನ್ನೇ ಕಾರಣ ಎಂದು ನಂಬಿದೆ. ಖಾತೆ ತೆರೆಯಲು ಮತ್ತೆ ಒಳ್ಳೆಯ ದಿನ ನೋಡಿ, ದೇವರಿಗೆ ಕೈಮುಗಿದು ಕೂತರು. ಪ್ಯಾನು, ಆಧಾರು, ಬ್ಯಾಂಕು ಎಲ್ಲ ಆಯಿತು. ಕ್ಯಾಮೆರಾಗೆ ಕಣ್ಣು ಮಿಟುಕಿಸಿ ಅಂದರೆ ಮಿಟುಕಿಸಿದರು. ಆಮೇಲೆ ಪರದೆಯ ಮೇಲೆ ನಾಮಿನಿ ಎಂದು ಬಂತು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ.

"ನನ್ನೆಸ್ರು ಹಾಕ್ರೀ" ಅಂದೆ.

"ಒಳ್ಳೇ ದಿವ್ಸ ಅಂಥದ್ದೆಲ್ಲ ಬ್ಯಾಡ."

"ಒಳ್ಳೇ ದಿನ ಬೇಡ ಅಂದ್ರೆ ಕೆಟ್ಟ ದಿನ ಹಾಕ್ತೀರಾ? ನಾಳೆ ನಿಮಗೆ ಹೆಚ್ಚುಕಮ್ಮಿ ಆದ್ರೆ ನಾನೇನ್ ಮಾಡ್ಲಿ?"

"ಬುಡ್ತು ಅನ್ನು."

ಅನ್ನಲಿಲ್ಲ. ಅವರೆಕಾಯಿ ಸುಲಿಯುತ್ತಲೇ ಇದ್ದೆ. ಅವರ ಬೆರಳು ಪರದೆಯ ಕೆಳಗೆ ಹೋಯಿತು. ಅಲ್ಲಿ 'ಈಗ ಬೇಡ' ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಅದನ್ನು ಒತ್ತಿ, ನಿಟ್ಟುಸಿರು ಬಿಟ್ಟರು. ಆಗ ನನಗೆ ತಿಳಿಯಿತು. ಚಾರ್ಜೂ ಅಲ್ಲ, ಕನ್ನಡವೂ ಅಲ್ಲ. ಆ ಪೋಸ್ಟಾಫೀಸಿನವನ ಹಾಗೆ ಎಲ್ಲರ ಎದುರು ಕೇಳದೆ, ಈಗ ಬೇಡ ಅಂದರೆ ಸುಮ್ಮನಾಗುವ ಜಾಗವನ್ನು ಅವರು ಇಷ್ಟು ದಿನ ಹುಡುಕುತ್ತಿದ್ದರು. ಆಮೇಲೆ ಆ್ಯಪು ಆಗಾಗ ನೆನಪಿಸುತ್ತಿತ್ತು, ನಾಮಿನಿ ಸೇರಿಸಿ ಎಂದು. ನೊಣ ಓಡಿಸಿದ ಹಾಗೆ ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತಿದ್ದರು.

ಯುಗಾದಿಗೆ ಕೆಲಸ ಬಿಡುತ್ತೇನೆ ಎಂದು ನಾನು ಡಾಕ್ಟರಿಗೆ ಹೇಳಿಯೂ ಇದ್ದೆ. ಅದಕ್ಕೆ ಮೊದಲೇ, ನಲ್ಲಿಯಲ್ಲಿ ನೀರು ಬಿಡುವ ದಿನ ಬೆಳಿಗ್ಗೆ, ಅವರು ಸಂಪಿನ ಮುಚ್ಚಳ ಎತ್ತಿದವರು ಹಾಗೇ ಅಲ್ಲೇ ಕೂತರಂತೆ. ಪಕ್ಕದ ಮನೆಯವರಿಗೆ ಗೊತ್ತಿದ್ದ ಆಸ್ಪತ್ರೆ ನಾನು ಕೆಲಸ ಮಾಡುವುದೊಂದೇ. ಆಟೋದಲ್ಲಿ ಅಲ್ಲಿಗೇ ಕರೆತಂದರು. ನಾನೇ ಎದುರು ಹೋದೆ. ನಾಡಿ ಹಿಡಿದೆ, ಕಣ್ಣು ಬಿಡಿಸಿ ನೋಡಿದೆ. ಎದೆ ಒತ್ತಿದೆ, ಡಾಕ್ಟರು ಬಂದು ನನ್ನ ಕೈ ಹಿಡಿದು ನಿಲ್ಲಿಸುವವರೆಗೂ ಒತ್ತಿದೆ. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವಳಿಗೆ ಅದನ್ನು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ಹೋಗಿದಾರೆ ಸಾರ್" ಎಂದು ನಾನೇ ಹೇಳಿದೆ. ಹೇಳಿದ ಮೇಲೆ, ಆ ಮಾತಿಗೆ ನನ್ನ ಗಂಡ ಅನ್ನಬೇಕಾಗಿದ್ದನ್ನು ಕಾಯುತ್ತಾ ನಿಂತಿದ್ದೆ.

ಇಲವಾಲದ ಹೊಲದಲ್ಲಿ ಮಣ್ಣು ಮಾಡಿದೆವು. ಅತ್ತೆ ಅಳಲಿಲ್ಲ, ಹೆಣದ ಹತ್ತಿರ ಬರಲೂ ಇಲ್ಲ. ದನದ ಕೊಟ್ಟಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ತಿಥಿಯ ದಿನ ಎಡೆ ಇಡುವಾಗಲೂ ಎದ್ದು ಹಿತ್ತಲಿಗೆ ಹೋದರು. ದುಃಖ ಹೆಚ್ಚಾಗಿ ಹಾಗಾಡುತ್ತಾರೆ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆವು.

ದಿನಗಳು ಕಳೆದ ಮೇಲೆ ಹೆಲ್ಪ್‌ಲೈನಿಗೆ ಫೋನು ಮಾಡಿದೆ. ಕನ್ನಡದ ಹುಡುಗಿಯೇ ಎತ್ತಿದಳು, ಅವಳೋ ಬೇರೆಯವಳೋ. ಖಾತೆದಾರರು ತೀರಿಕೊಂಡಿದ್ದಾರೆ ಅಂದೆ. ಪಾಪ, ಮರುಗಿದಳು. ನಾಮಿನಿ ಇದ್ದಾರಾ ಎಂದು ನೋಡಿದಳು, ಇಲ್ಲ. ಹಾಗಾದರೆ ವಾರಸುದಾರರೆಲ್ಲರ ಸಹಿ ಬೇಕು, ಇಲ್ಲವಾದರೆ ಕೋರ್ಟಿನ ಆದೇಶ ಬೇಕು ಎಂದಳು. ತಪ್ಪು ಅವಳದಲ್ಲ, ಆ್ಯಪಿನದೂ ಅಲ್ಲ. ಅವರು ಕೇಳಿದ್ದರು, ನಾವು ಈಗ ಬೇಡ ಅಂದಿದ್ದೆವು. ವಕೀಲರ ಹತ್ತಿರ ಹೋದೆ. ವಿಲ್ಲು ಬರೆಯದೆ ಹೋದವರ ಆಸ್ತಿಗೆ ಹೆಂಡತಿ, ಮಕ್ಕಳು, ತಾಯಿ, ಎಲ್ಲರೂ ಸಮಾನ ವಾರಸುದಾರರು ಎಂದರು. ಅಂದರೆ ನಾನು, ಮಗಳು, ಅತ್ತೆ. ಅತ್ತೆಯ ಪಾಲು ಅತ್ತೆಗೆ ಹೋಗಲಿ, ನನ್ನ ತಕರಾರಿಲ್ಲ. ಅವರು ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಅದಾದರೆ ನಾನು ಮನೆಯಲ್ಲಿ ಕೂರಬಹುದಿತ್ತು.

ಕಾಗದ ತಯಾರು ಮಾಡಿಸಿಕೊಂಡು ಮಗಳನ್ನೂ ಕರೆದುಕೊಂಡು ಇಲವಾಲಕ್ಕೆ ಹೋದೆ. ಮೈದುನ ಒಳ್ಳೆಯವನು, ಒಂದು ಮಾತೂ ಎದುರಾಡದೆ ಇಂಕ್ ಪ್ಯಾಡು ತಂದಿಟ್ಟ. ಅಮ್ಮನಿಗೆ ತಿಳಿಯಲಿ ಎಂದು ಕಾಗದವನ್ನು ಜೋರಾಗಿ ಓದತೊಡಗಿದ. ಅದರಲ್ಲಿ ಮೊದಲ ಸಾಲಿನಲ್ಲೇ, 'ಮೃತರಾದ' ಎಂದು ಇತ್ತು, ಅದರ ಮುಂದೆ ನನ್ನ ಗಂಡನ ಹೆಸರು. ಅತ್ತೆ ಕೈ ಎಳೆದುಕೊಂಡರು.

"ಏನಂದೆ ನೀನು?"

"ಕಾಗ್ದದಲ್ಲಿರೋದು ಕಣವ್ವ. ಅಣ್ಣುಂದು."

"ತಗಿ ಅದ್ನ ಆಚ್ಗೆ. ನನ್ ಮಗನ್ ಎಸ್ರಿಗೆ ಅಂಥ ಮಾತ ಅಂಟ್ಸಿ, ಅದ್ಕೆ ನನ್ ಎಬ್ಬೆಟ್ ಬೇರೆ ಕೇಳ್ತಿಯ?"

ಮೈದುನ ತಲೆ ತಗ್ಗಿಸಿದ. ನಾನು ಹತ್ತಿರ ಕೂತು, ನರ್ಸು ಮಾತಾಡುವ ಹಾಗೆ ಮೆತ್ತಗೆ ಹೇಳಿದೆ, "ಅತ್ತೆ, ಅವ್ರು ಹೋಗಿದಾರೆ. ನಾನೇ ನೋಡಿದೀನಿ. ನಾವೆಲ್ಲ ಸೇರಿ ಮಣ್ಣು ಮಾಡಿದೀವಿ."

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ತಿಳಿಯಾಗಿತ್ತು. ಅರಳುಮರಳು ಏನೂ ಇರಲಿಲ್ಲ, ಹಾಲಿನ ಡೈರಿಯವನು ಎಷ್ಟು ಬಾಕಿ ಕೊಡಬೇಕೆಂದು ಇವತ್ತಿಗೂ ಬಾಯಲ್ಲೇ ಹೇಳುವ ಹೆಂಗಸು. "ಬುಡ್ತು ಅನ್ನು" ಅಂದರು. ನನ್ನ ಕೈ ಹಿಡಿದುಕೊಂಡು, "ಅನ್ನವ್ವ. ಬುಡ್ತು ಅನ್ನು" ಅಂದರು. ಗಂಡ ಬದುಕಿದ್ದಾಗ ಅವರೆಕಾಯಿ ಸುಲಿಯುತ್ತ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಅಲ್ಲಿ, ಅವರ ತಾಯಿಯ ಎದುರು ಹೇಳಿದೆ.

ಮಗಳಿಗೆ ಸಿಟ್ಟು ಬಂದಿತ್ತು. ಬಸ್ ಸ್ಟಾಪಿಗೆ ಬಿಡಲು ಬಂದ ಮೈದುನ ನನ್ನನ್ನು ಪಕ್ಕಕ್ಕೆ ಕರೆದು, "ಅತ್ಗೆ, ಅವ್ವ ಮಲ್ಗಿರೋವಾಗ ನಾನೇ ಬೆಳ್ಳು ಹಿಡ್ದು ಒತ್ಸುಬುಡ್ಲಾ? ಗೊತ್ತಾಗಕ್ಕಿಲ್ಲ" ಅಂದ. ಅವನಿಗೆ ನನ್ನ ಮೇಲಿನ ಕನಿಕರವೇ ಹಾಗೆ ಆಡಿಸಿದ್ದು. ಆದರೆ ನಾನು ವಾರ್ಡಿನಲ್ಲಿ ಎಂಥೆಂಥವರನ್ನು ನೋಡಿದ್ದೇನೆ. ಪ್ರಜ್ಞೆ ಇಲ್ಲದ ಮುದುಕರ ಹಾಸಿಗೆಯ ಹತ್ತಿರ ಸೆರಗಿನೊಳಗೆ ಇಂಕ್ ಪ್ಯಾಡು ಮುಚ್ಚಿಟ್ಟುಕೊಂಡು ಬರುವವರನ್ನು ಹೊರಗೆ ಕಳಿಸಿದ್ದೇನೆ. ರೋಗಿ ಹೋದ ಮೇಲೆ ಹೆಬ್ಬೆರಳಲ್ಲಿ ಉಳಿದ ನೀಲಿಯನ್ನು ಸ್ಪಿರಿಟ್ಟು ಹಚ್ಚಿ ಒರೆಸಿದ್ದೇನೆ. ಬೇಡ ಕಣಪ್ಪ ಅಂದೆ.

ಹಾಗಾದರೆ ಕೋರ್ಟಿಗೆ ಹೋಗೋಣ ಅಂದಳು ಮಗಳು. ವಕೀಲರೂ ಅದನ್ನೇ ಹೇಳಿದ್ದರು. ಅತ್ತೆಗೆ ನೋಟಿಸು ಹೋಗುತ್ತದೆ, ಕರೆದರೆ ಬಂದು ನಿಲ್ಲಬೇಕಾಗುತ್ತದೆ. ಮಗ ಸತ್ತಿದ್ದಾನೋ ಇಲ್ಲವೋ ಎಂದು ಆ ಹೆಂಗಸನ್ನು ಕೋರ್ಟಿನಲ್ಲಿ ಕೇಳಿಸುವುದು ನನ್ನಿಂದ ಆಗಲಿಲ್ಲ. ನಾನೇನು ದೇವತೆಯಲ್ಲ. ನನಗೆ ಆ ಮುದುಕಿಯ ಮೇಲೆ ಮೈಯೆಲ್ಲ ಉರಿಯುವಷ್ಟು ಕೋಪವಿದೆ. ಗಂಡನ ಮೇಲೆ ಅದಕ್ಕಿಂತ ಹೆಚ್ಚು ಕೋಪವಿದೆ. ಒಂದು ಹೆಸರು ಬರೆಯಲು ಎಷ್ಟು ಹೊತ್ತು ಬೇಕಿತ್ತು? ಪ್ರತಿದಿನ ಬಸ್ಸಿನಿಂದ ಇಳಿಯುವಾಗ, ಕಾಲು ನೆಲಕ್ಕೆ ತಾಗಿ ಮಂಡಿಯವರೆಗೂ ನೋವು ಏರುವಾಗ, ನಾನು ಅವರಿಗೆ ಮನಸ್ಸಿನಲ್ಲೇ ಒಂದೆರಡು ಮಾತು ಅನ್ನುತ್ತೇನೆ. ಆಮೇಲೆ ಮೂಗಿನ ಮೇಲಿನ ಆ ಗುರುತು ನೆನಪಾಗುತ್ತದೆ, ಅಳು ಬರುತ್ತದೆ.

ಡಾಕ್ಟರು ಕೆಲಸ ಮುಂದುವರಿಸಿ ಅಂದರು, ಮುಂದುವರಿಸಿದೆ. ಸಂಬಳದಲ್ಲಿ ಉಳಿಯುವ ಅಷ್ಟಿಷ್ಟನ್ನು ಇಡಲು ನಾನು ಯಾವ ಆ್ಯಪನ್ನೂ ಹುಡುಕಲಿಲ್ಲ. ಅದೇ ಪೋಸ್ಟಾಫೀಸಿಗೆ ಹೋದೆ. ಮಗಳು ಜೊತೆಗೆ ಬಂದಿದ್ದಳು. ಕೌಂಟರಿನಲ್ಲಿ ಅದೇ ಮನುಷ್ಯ, ಅದೇ ಗಂಟಲು. ನಾಮಿನಿ ಯಾರಮ್ಮ ಎಂದು ಕೇಳಿದ. "ಇವಳು, ನನ್ ಮಗ್ಳು. ನಾನು ಸತ್ಮೇಲೆ ಎಲ್ಲ ಇವಳಿಗೇ" ಎಂದು ಅವನಿಗಿಂತ ಜೋರಾಗಿ ಹೇಳಿದೆ. ಮಗಳು ನನ್ನ ತೋಳು ಜಿಗುಟಿದಳು. "ಬುಡ್ತು ಅನ್ನಮ್ಮ" ಅಂದಳು. ಇಷ್ಟೆಲ್ಲ ನೋಡಿದ ಮೇಲೂ, ಕೋರ್ಟಿಗೆ ಹೋಗೋಣ ಅಂದ ಬಾಯಲ್ಲೇ. ನಾನು ಅನ್ನಲಿಲ್ಲ. ಫಾರಂ ಮೇಲೆ ಅವಳ ಹೆಸರು ಬರೆಯುವುದನ್ನು ಮುಗಿಸಿದೆ.

ಹೋದ ಭಾನುವಾರ ಇಲವಾಲಕ್ಕೆ ಹೋಗಿದ್ದೆ. ಕಾಗದ ತೆಗೆದುಕೊಂಡು ಹೋಗಿರಲಿಲ್ಲ, ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು ಬರಲು ಹೋಗಿದ್ದು. ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ನನ್ನ ಕಾಲಿನ ಕಡೆ ನೋಡಿ, "ಎಷ್ಟ್ ಊದ್ಕೊಂಡದವ್ವ. ಇನ್ನೂ ಯಾಕ್ ದುಡಿಯಕ್ಕೋಯ್ತಿಯೆ?" ಅಂದರು. ನಾನು ಮಾತ್ರೆಯ ಪೊಟ್ಟಣ ತೆಗೆದು ಅವರ ಪಕ್ಕ ಇಟ್ಟೆ. ಅವರು ಮೊರ ಕೆಳಗಿಟ್ಟರು. ತಾವಾಗಿಯೇ ಕೇಳಿದರು.

"ಅವತ್ತು ಕಾಗ್ದ ತಂದಿದ್ದಲ್ಲ, ಆ ದುಡ್ಡು ಅವ್ನ್ ಎಸ್ರಲ್ಲೇ ಅದಾ?"

"ಇದೆ ಅತ್ತೆ."

"ಯಾರೂ ಮುಟ್ಟಕ್ಕಾಗಕ್ಕಿಲ್ವಾ?"

"ಆಗಲ್ಲ."

ಅವರ ಮುಖದಲ್ಲಿ ನಿರಾಳ ಕಂಡಿತು. ಮೊರವನ್ನು ಮತ್ತೆ ಎತ್ತಿಕೊಂಡರು.

"ಇರ್ಲಿ ಬುಡವ್ವ. ಅವ್ನ್ ಮುಪ್ಪಿಗಾಯ್ತದೆ."

ಹೂಂ ಅಂದೆ. ವಾಪಸು ಬರುವಾಗ ಪೇಟೆಯಲ್ಲಿ ಇಳಿದು, ಡ್ಯೂಟಿಗೆ ಒಂದು ಜೊತೆ ಹೊಸ ಬಿಳಿ ಶೂ ಕೊಂಡುಕೊಂಡೆ.